ಒಂದೂವರೆ ಯೂನಿಟ್‌ನ ಸಂಸಾರ: ವ್ಯಾನ್ ಮನೆಗೆ ಸೌರವಿದ್ಯುತ್ತು

ವ್ಯಾನನ್ನೇ ಮನೆ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟ್‌ನ ಪ್ಯಾನೆಲ್ ಹಾಕಿಸಲಿ?’ ಊಟಕ್ಕೆ ಎಷ್ಟು ಜನ ಬರುತ್ತಾರೆಂದು ತಿಳಿಯದೆ ಅಕ್ಕಿ ಅಳೆಯಲು ಕುಳಿತ ಹಾಗೆ ಇದು. ನಾನೂ ಹಾಗೆಯೇ ಆರಂಭಿಸಿದವನು. ಹಳೆಯ ಟಿಟಿಯೊಂದನ್ನು (ಟೆಂಪೊ ಟ್ರಾವೆಲರ್) ಕೊಂಡು, ಒಳಗೆ ಮಂಚ ಕೂಡಿಸುವುದಕ್ಕೆ ಮೊದಲೇ ನೆತ್ತಿಯ ಮೇಲೆ ಪ್ಯಾನೆಲ್ ಏರಿಸಿದೆ. ಒಳಗಿನ ಬಿಸಿಗಾಳಿಯನ್ನು ಹೊರಹಾಕುವ ಫ್ಯಾನಿಗೂ ಅಲ್ಲೇ ಜಾಗ ಬೇಕೆಂಬುದು ಆಮೇಲೆ ಹೊಳೆಯಿತು. ಎಲ್ಲ ಬಿಚ್ಚಿ ಮತ್ತೆ ಕೂಡಿಸಿದ್ದಾಯಿತು; ಹಳೆಯ ತೂತುಗಳು ಮಾತ್ರ ಹಾಗೆಯೇ ಉಳಿದವು. ಮೊದಲ ಮಳೆಗೆ ಅವು ಹಾಸಿಗೆಯ ಮೇಲೆ ತಮ್ಮ ಗುರುತು ಬಿಟ್ಟವು.

ಹಾಗಾಗಿ ಈ ಲೇಖನ ಪ್ಯಾನೆಲ್‌ನಿಂದ ಆರಂಭವಾಗುವುದಿಲ್ಲ, ಕರೆಂಟ್ ಬಿಲ್ಲಿನಿಂದ ಆರಂಭವಾಗುತ್ತದೆ.

ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರುತ್ತದಲ್ಲ, ಅದು ಸಾವಿರ ವ್ಯಾಟ್‌ನ ಉಪಕರಣವೊಂದು ಒಂದು ಗಂಟೆ ನಡೆದಾಗ ಖರ್ಚಾಗುವ ವಿದ್ಯುತ್ತು. ಅಂದರೆ 1000 ವ್ಯಾಟ್-ಅವರ್. ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್. ದಿನಕ್ಕೆ ಹಂಚಿದರೆ ಆರೂವರೆಗಿಂತ ಸ್ವಲ್ಪ ಹೆಚ್ಚು. ಇಬ್ಬರು ಅಚ್ಚುಕಟ್ಟಾಗಿ ಬದುಕುವ ವ್ಯಾನಿಗೆ ಸಾಕಾಗುವುದು ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಈ ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ವೋಲ್ಟ್, ಆಂಪಿಯರ್, ವ್ಯಾಟ್ ಎಂದರೆ ತಲೆ ತಿರುಗುವವರು ತಮ್ಮ ಮನೆಯ ನೀರಿನ ವ್ಯವಸ್ಥೆಯನ್ನು ನೆನಪಿಸಿಕೊಂಡರೆ ಸಾಕು. ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್. ನಲ್ಲಿಯಲ್ಲಿ ಎಷ್ಟು ದಪ್ಪಕ್ಕೆ ನೀರು ಬರುತ್ತದೆ ಎಂಬುದು ಆಂಪಿಯರ್. ಎರಡನ್ನೂ ಗುಣಿಸಿದರೆ ವ್ಯಾಟ್, ಅಂದರೆ ಆ ಕ್ಷಣದ ರಭಸ. ಆ ರಭಸ ಎಷ್ಟು ಹೊತ್ತು ನಡೆಯಿತು ಎಂಬುದನ್ನೂ ಸೇರಿಸಿದರೆ ವ್ಯಾಟ್-ಅವರ್. ಪ್ಯಾನೆಲ್ ಎಂಬುದು ಹಗಲು ಮಾತ್ರ ನೀರು ಕೊಡುವ ಕೊಳವೆಬಾವಿ, ಬ್ಯಾಟರಿ ಸಂಪು, ತಂತಿಗಳು ಪೈಪು. ಸಂಪು ದೊಡ್ಡದು ಮಾಡಿಸಿದ ಮಾತ್ರಕ್ಕೆ ಬಾವಿಯಲ್ಲಿ ನೀರು ಹೆಚ್ಚುವುದಿಲ್ಲ ಎಂಬುದನ್ನು ಬರಗಾಲ ಕಂಡ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ವ್ಯಾನಿಗೆ ಬ್ಯಾಟರಿಯ ಮೇಲೆ ಬ್ಯಾಟರಿ ಜೋಡಿಸುವವರು ಮರೆಯುವುದು ಇದನ್ನೇ.

ಈಗ ಊಟಕ್ಕೆ ಬರುವವರನ್ನು ಎಣಿಸೋಣ. ನಮ್ಮ ವ್ಯಾನಿನಲ್ಲಿ ಅತಿ ಹೆಚ್ಚು ಉಣ್ಣುವುದು ಫ್ರಿಜ್. 12 ವೋಲ್ಟ್‌ನಲ್ಲೇ ಓಡುವ ನಲವತ್ತು ಲೀಟರಿನ ಕಂಪ್ರೆಸರ್ ಫ್ರಿಜ್ ನಡೆಯುವಾಗ 45 ವ್ಯಾಟ್ ಎಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಅದು ನಡೆಯುವುದಿಲ್ಲ, ತಣ್ಣಗಾದ ಮೇಲೆ ನಿಂತು ಮತ್ತೆ ಶುರುವಾಗುತ್ತದೆ. ಬಯಲುಸೀಮೆಯ ಸೆಕೆಯಲ್ಲಿ ದಿನಕ್ಕೆ ಹತ್ತು ಗಂಟೆ ಓಡಿತೆಂದರೆ 450 ವ್ಯಾಟ್-ಅವರ್. ಹದಿನೈದು ವ್ಯಾಟ್‌ನ ಎರಡು ಡಿಸಿ (ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ಫ್ಯಾನುಗಳು ಹತ್ತು ಗಂಟೆ ತಿರುಗಿದರೆ 300. ಲ್ಯಾಪ್‌ಟಾಪ್ ಐದು ಗಂಟೆಗೆ 250. ಮೂರು ಎಲ್‌ಇಡಿ ದೀಪಗಳಿಗೆ 60, ಇಂಟರ್ನೆಟ್ ರೂಟರಿಗೆ ಇನ್ನೊಂದು 60, ಎರಡು ಮೊಬೈಲಿಗೆ 40, ನೀರಿನ ಪಂಪಿಗೆ 15. ಚಟ್ನಿ ರುಬ್ಬಲು ಮಿಕ್ಸಿ ಐದು ನಿಮಿಷ ಓಡಿದರೆ 50. ಮಿಕ್ಸಿಯ ಸದ್ದು ಕೇಳಿ ಅದೇ ದೊಡ್ಡ ಹೊಟ್ಟೆಬಾಕ ಎಂದುಕೊಂಡಿದ್ದೆ, ಲೆಕ್ಕ ಹಾಕಿದರೆ ಸದ್ದಿಲ್ಲದ ಫ್ರಿಜ್ ಅದರ ಒಂಬತ್ತು ಪಟ್ಟು ತಿನ್ನುತ್ತದೆ. ಎಲ್ಲ ಕೂಡಿದರೆ 1225. ತಂತಿಯಲ್ಲಿ, ಬ್ಯಾಟರಿಯ ವಿದ್ಯುತ್ತನ್ನು ಮನೆಯ 230 ವೋಲ್ಟಿಗೆ ಮಾರ್ಪಡಿಸುವ ಇನ್ವರ್ಟರಿನಲ್ಲಿ ಸೋರಿಹೋಗುವ ಪಾಲನ್ನು ಸೇರಿಸಿ 1400 ಎಂದಿಟ್ಟುಕೊಳ್ಳಬಹುದು.

ಈ ಪಟ್ಟಿಯಲ್ಲಿ ಇಂಡಕ್ಷನ್ ಒಲೆ ಇಲ್ಲ, ಗೀಸರ್ ಇಲ್ಲ, ಎಸಿ ಇಲ್ಲ. ಅದು ಜಿಪುಣತನವಲ್ಲ. ವಿದ್ಯುತ್ತಿನಿಂದ ಬೆಳಕು, ಗಾಳಿ, ಲೆಕ್ಕಾಚಾರಗಳನ್ನು ಪಡೆಯುವುದು ಅಗ್ಗ. ಶಾಖವನ್ನು ಹುಟ್ಟಿಸುವುದು, ಶಾಖವನ್ನು ಹೊರದಬ್ಬುವುದು ದುಬಾರಿ. ಒಂದು ಬಕೆಟ್, ಅಂದರೆ ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 350 ವ್ಯಾಟ್-ಅವರ್ ಬೇಕು. ಒಬ್ಬರ ಒಂದು ಸ್ನಾನಕ್ಕೆ ದಿನದ ಗಳಿಕೆಯ ಕಾಲುಭಾಗ ಹೋಯಿತು. ಚಿಕ್ಕ ಎಸಿಯೊಂದು ರಾತ್ರಿಯಿಡೀ ನಡೆದರೆ ನಾಲ್ಕೈದು ಯೂನಿಟ್. ಅಷ್ಟನ್ನು ಗಳಿಸುವ ಪ್ಯಾನೆಲ್‌ಗೆ ವ್ಯಾನಿನ ನೆತ್ತಿ ಸಾಲದು. ಇನ್ನೊಂದು ಹೋಲಿಕೆ ನನಗೆ ಬಹಳ ಬುದ್ಧಿ ಕಲಿಸಿತು: ಐದು ಕೆಜಿಯ ಪುಟ್ಟ ಗ್ಯಾಸ್ ಸಿಲಿಂಡರಿನಲ್ಲಿ ಅರುವತ್ತು ಯೂನಿಟ್‌ಗೂ ಮಿಕ್ಕ ಶಾಖ ಅಡಗಿದೆ. ನಾನು ಸಾಕಷ್ಟು ಹಣ ಸುರಿದು ತಂದ ಬ್ಯಾಟರಿಯಲ್ಲಿ ಹಿಡಿಸುವುದು ಎರಡೂವರೆ ಯೂನಿಟ್. ಅನ್ನ ಬೇಯಿಸುವ ಕೆಲಸ ಯಾರಿಗೆ ಒಪ್ಪಿಸಬೇಕೆಂದು ಆಗಲೇ ತೀರ್ಮಾನವಾಯಿತು. ಗ್ಯಾಸ್ ಇಟ್ಟವರು ಕೆಳಭಾಗದಲ್ಲೊಂದು ಗಾಳಿಕಿಂಡಿ ಬಿಡಲೇಬೇಕು, ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಇಳಿದು ಕೂರುತ್ತದೆ.

ಇನ್ನು ಬಾವಿಯ ವಿಷಯ. ಕರ್ನಾಟಕದ ಬಯಲುಸೀಮೆ ಬಿಸಿಲಿನ ಖಜಾನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತದ್ದು ಸುಮ್ಮನೆ ಅಲ್ಲ. ಮಳೆ ಕೈಕೊಟ್ಟ ನೆಲದಲ್ಲಿ ರೈತರು ಗುತ್ತಿಗೆಗೆ ಕೊಟ್ಟದ್ದು ಒಂದರ್ಥದಲ್ಲಿ ಬಿಸಿಲನ್ನೇ. ಅಂತಹ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ಗಂಟೆಯ ‘ಪೂರ್ಣ ಬಿಸಿಲು’ ಸಿಗುತ್ತದೆ. ಹಗಲು ಹನ್ನೆರಡು ಗಂಟೆ ಇರುವಾಗ ಇದೇನು ಐದು ಎಂದು ಕೇಳಬೇಡಿ. ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು ಎಲ್ಲವನ್ನೂ ಕೂಡಿಸಿ, ನಡುಮಧ್ಯಾಹ್ನದ ಖಾರದ ಬಿಸಿಲಿಗೆ ಸಮ ಮಾಡಿ ಹೇಳುವ ಲೆಕ್ಕ ಇದು. ಧೂಳು, ಕಾವು, ತಂತಿಯ ನಷ್ಟಗಳಿಗೆ ನೂರಕ್ಕೆ ಮೂವತ್ತು ಪಾಲು ಕಳೆದರೆ ಒಂದೊಂದು ವ್ಯಾಟ್ ಪ್ಯಾನೆಲ್ ದಿನಕ್ಕೆ ಮೂರೂವರೆ ವ್ಯಾಟ್-ಅವರ್ ಕೈಗೆ ಕೊಡುತ್ತದೆ. ನಾಲ್ಕುನೂರು ವ್ಯಾಟ್ ಹಾಕಿದರೆ 1400. ನಮ್ಮ ಪಟ್ಟಿಗೆ ಸರಿಹೊಂದಿತು.

ಸರಿಹೊಂದಿದ್ದು ಪಾವಗಡದಲ್ಲಿ. ಅದೇ ವ್ಯಾನನ್ನು ಜುಲೈ ತಿಂಗಳಿನಲ್ಲಿ ಆಗುಂಬೆಗೆ ಒಯ್ಯಿರಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ಹಿಡಿದ ಮಳೆ ಬಿಡದೆ, ಕವಿದ ಮೋಡ ಕದಲದೆ ವಾರಗಟ್ಟಲೆ ಇರುವ ಕಾಲ. ಎರಡು ಗಂಟೆಯ ಪೂರ್ಣ ಬಿಸಿಲೂ ಕೂಡಿಬರದ ದಿನಗಳು ಅಲ್ಲಿ ಸಾಮಾನ್ಯ. ಪ್ಯಾನೆಲ್ ಸಂಪೂರ್ಣ ಮಲಗುವುದಿಲ್ಲ, ಮೋಡದ ಹಿಂದಿನ ಬೆಳಕಿಗೂ ಒಂದಿಷ್ಟು ಕೊಡುತ್ತದೆ, ಆದರೆ ಗಳಿಕೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಆ ಕೊರತೆಯನ್ನು ಇನ್ನಷ್ಟು ಪ್ಯಾನೆಲ್ ಏರಿಸಿ ತುಂಬಲು ಹೋಗುವುದು ವ್ಯರ್ಥ. ಮೂರು ಪಟ್ಟು ಪ್ಯಾನೆಲ್‌ಗೆ ನೆತ್ತಿಯ ಮೇಲೆ ಜಾಗವೇ ಇಲ್ಲ. ಅದಕ್ಕೆ ಬೇರೆ ದಾರಿಯಿದೆ, ಮುಂದೆ ಹೇಳುತ್ತೇನೆ.

ಪ್ಯಾನೆಲ್ಲನ್ನು ಇಳಿಜಾರಾಗಿ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಯುರೋಪಿನವರು ಕೊಡುವ ಉತ್ತರ ನಮಗೆ ಬೇಡ. ಅಲ್ಲಿ ಚಳಿಗಾಲದ ಸೂರ್ಯ ದಿಗಂತದ ಹತ್ತಿರವೇ ತೆವಳುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನೇರ ನೆತ್ತಿಗೆ ಬರುತ್ತಾನೆ. ಹಾಗಾಗಿ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್ ನಮ್ಮಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಳ್ಳುವುದು ಧೂಳಿನಿಂದ. ಮಲಗಿದ ಗಾಜಿನ ಮೇಲೆ ಮಣ್ಣು ಕೆನೆಗಟ್ಟುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆ ಎಳೆಯಲೇಬೇಕು.

ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂಬುದು ನಿಜ, ಕಾವು ಹೆಚ್ಚಾದಷ್ಟೂ ಕಡಿಮೆ ಎಂಬುದೂ ಅಷ್ಟೇ ನಿಜ. ಪ್ಯಾನೆಲ್ ಹಿಂಬದಿಯ ಚೀಟಿಯಲ್ಲಿ ಬರೆದ ವ್ಯಾಟ್, ಒಳಗಿನ ಕೋಶದ (ಸೋಲಾರ್ ಸೆಲ್) ತಾಪ 25 ಡಿಗ್ರಿ ಇದ್ದಾಗಿನ ಮಾತು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದರೂ ಶೇಕಡಾ ಒಂದರ ಮೂರನೇ ಒಂದು ಪಾಲಿನಷ್ಟು ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ವ್ಯಾನಿನ ತಗಡಿನ ಮೇಲೆ ಕೋಶಗಳು 65 ಡಿಗ್ರಿ ಮುಟ್ಟುವುದು ಸಹಜ, ಅಷ್ಟಕ್ಕೇ ಹದಿಮೂರು ಹದಿನಾಲ್ಕು ಶೇಕಡಾ ಖೋತಾ. ಆದ್ದರಿಂದ ಪ್ಯಾನೆಲ್ಲನ್ನು ತಗಡಿಗೆ ಅಂಟಿಸದೆ, ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಒಂದೆರಡು ಇಂಚು ಎತ್ತರಿಸಿ ಗಾಳಿಯಾಡಲು ಬಿಡಬೇಕು. ಇದರಿಂದ ವ್ಯಾನಿನ ನೆತ್ತಿಗೆ ನೆರಳೂ ಸಿಕ್ಕಿದಂತಾಯಿತು. ಬಗ್ಗಿಸಿ ಅಂಟಿಸಬಹುದಾದ ತೆಳು ಪ್ಯಾನೆಲ್‌ಗಳು ನೋಡಲು ಚೆಂದ, ನಮ್ಮ ಬಿಸಿಲಿಗೆ ಅವು ಬೇಗ ಸೊರಗುತ್ತವೆ. ಗಾಜಿನ ಪ್ಯಾನೆಲ್ಲೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಕಾವಿಗಿಂತ ದೊಡ್ಡ ಶತ್ರು ನೆರಳು. ಪ್ಯಾನೆಲ್ ಒಳಗಿನ ಕೋಶಗಳನ್ನು ಹೂವಿನ ಮಾಲೆಯಂತೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಹರಿವು ಎಲ್ಲದರ ಮೂಲಕವೂ ಸಾಗಬೇಕು. ಒಂದು ಕೋಶವನ್ನು ಸಾಗುವಾನಿ ಎಲೆಯೊಂದು ಮುಚ್ಚಿದರೆ ಅಲ್ಲಿ ಪೈಪನ್ನು ಕಾಲಿನಿಂದ ಅದುಮಿದಂತೆ. ಬೈಪಾಸ್ ಡಯೋಡ್‌ಗಳು ಆ ಸಾಲನ್ನು ಬಳಸಿ ಹೋಗಲು ದಾರಿ ಕೊಡುತ್ತವೆ, ಆದರೆ ಅಷ್ಟು ಸಾಲಿನ ಗಳಿಕೆ ಹೋಯಿತು. ವ್ಯಾನ್ ಬದುಕಿನ ನಿತ್ಯದ ಜಗಳ ಇರುವುದೇ ಇಲ್ಲಿ. ಮನುಷ್ಯರಿಗೆ ಹೊಂಗೆಮರದ ಕೆಳಗೆ ನಿಲ್ಲಿಸುವ ಆಸೆ, ಪ್ಯಾನೆಲ್‌ಗೆ ಬಯಲಿನ ಆಸೆ. ಬೆಳಗ್ಗೆ ಹತ್ತರಿಂದ ಎರಡರವರೆಗೆ ಬಿಸಿಲಿನಲ್ಲಿ, ಆಮೇಲೆ ನೆರಳಿನಲ್ಲಿ ಎಂದು ನಾವು ರಾಜಿ ಮಾಡಿಕೊಂಡಿದ್ದೇವೆ. ಕೋತಿಗಳಿರುವ ಘಾಟಿಯ ತಂಗುದಾಣಗಳಲ್ಲಿ ರಾಜಿಯೂ ಇಲ್ಲ, ಅವು ಗಾಜಿನ ಮೇಲೆ ಕುಳಿತು ತಂತಿ ಎಳೆದು ನೋಡುತ್ತವೆ.

ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು, ಬ್ಯಾಟರಿಗೆ ಸೇರುವ ವಿದ್ಯುತ್ತನ್ನು ಹತೋಟಿಯಲ್ಲಿಡುವುದು ಚಾರ್ಜ್ ಕಂಟ್ರೋಲರ್. ಇದರಲ್ಲಿ ಎರಡು ಜಾತಿ: ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. ಮೊದಲನೆಯದು ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ತಾಗಿಸಿ, ಪ್ಯಾನೆಲ್‌ನ ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ. ಎರಡನೆಯದು ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರ್ ಆಗಿ ಮಾರ್ಪಡಿಸುತ್ತದೆ. ವ್ಯತ್ಯಾಸ ಎಷ್ಟೆಂದರೆ, ಮನೆಗಳ ತಾರಸಿಗೆ ಹಾಕುವ 540 ವ್ಯಾಟ್‌ನ ದೊಡ್ಡ ಪ್ಯಾನೆಲ್ 41 ವೋಲ್ಟ್, 13 ಆಂಪಿಯರ್ ಕೊಡುತ್ತದೆ. ಪಿಡಬ್ಲ್ಯುಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಆ 13 ಆಂಪಿಯರ್ ಮಾತ್ರ ದಕ್ಕುತ್ತದೆ, ಅಂದರೆ ಸುಮಾರು 175 ವ್ಯಾಟ್. ಮೂರರಲ್ಲಿ ಎರಡು ಪಾಲು ಗಾಳಿಪಾಲು. ಡಬ್ಬಿಯ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟ ಅಗ್ಗದ ಸರಕೂ ಪೇಟೆಯಲ್ಲಿದೆ. ಕೈಯಲ್ಲಿ ಹಿಡಿದು ನೋಡಿ, ನಿಜವಾದದ್ದು ಒಳಗಿನ ತಾಮ್ರದ ಸುರುಳಿ ಮತ್ತು ಅಲ್ಯೂಮಿನಿಯಂ ರೆಕ್ಕೆಗಳಿಂದಾಗಿ ತೂಕವಾಗಿರುತ್ತದೆ. ನಾಲ್ಕುನೂರು ವ್ಯಾಟ್‌ಗೆ ಮೂವತ್ತು ಆಂಪಿಯರಿನದು ಸಾಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ತಿರುಗಾಮುರುಗಾ. ಈ ಕ್ರಮ ತಪ್ಪಿ ಕಂಟ್ರೋಲರ್ ಸುಟ್ಟುಕೊಂಡವರು ಬಹಳ ಮಂದಿ.

ಬ್ಯಾಟರಿಯ ಮಾತಿಗೆ ಬಂದರೆ, ನಮ್ಮ ಮನೆಗಳಲ್ಲಿ ಯುಪಿಎಸ್ ಪಕ್ಕ ಕುಳಿತಿರುವ ಟ್ಯೂಬ್ಯುಲರ್ ಎಂಬ ಸೀಸ-ಆಮ್ಲದ ಬ್ಯಾಟರಿಯೇ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಮನೆಗೆ ಅದು ಒಳ್ಳೆಯದೇ. ವ್ಯಾನಿಗೆ ತಂದರೆ ತೊಂದರೆ ನಾಲ್ಕು ಬಗೆ. ಬ್ಯಾಟರಿಯ ಹಿಡಿತವನ್ನು ಆಂಪಿಯರ್ ಮತ್ತು ಗಂಟೆಗಳ ಗುಣಲಬ್ಧವಾದ ಆಂಪಿಯರ್-ಅವರ್ ಲೆಕ್ಕದಲ್ಲಿ ಹೇಳುತ್ತಾರೆ; 150 ಆಂಪಿಯರ್-ಅವರ್‌ನದು ಅರುವತ್ತು ಕೆಜಿಯ ಹತ್ತಿರ ತೂಗುತ್ತದೆ. ಬಾಳಿಕೆ ಬರಬೇಕೆಂದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ತಿರುವಿನಲ್ಲಿ ಆಮ್ಲ ತುಳುಕುತ್ತದೆ. ಮಲಗುವ ಕೋಣೆಯೊಳಗೆ ಇವೆರಡೂ ಬೇಡ. ನಾಲ್ಕನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಸೀಸ-ಆಮ್ಲದ ಬ್ಯಾಟರಿ ನೂರರಲ್ಲಿ ಕೊನೆಯ ಇಪ್ಪತ್ತು ಪಾಲನ್ನು ತುಂಬಿಕೊಳ್ಳಲು ಗಂಟೆಗಟ್ಟಲೆ ಸಮಯ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ದಿನದಿನವೂ ಅರೆಹೊಟ್ಟೆಯಲ್ಲಿ ಉಳಿದ ಆ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದು ಆಯಸ್ಸಿಗೆ ಮೊದಲೇ ಸಾಯುತ್ತದೆ.

ಆದ್ದರಿಂದ ಇವತ್ತು ವ್ಯಾನಿಗೆ ಬ್ಯಾಟರಿ ಎಂದರೆ ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಸಂಶೋಧನಾ ಲೇಖನ ಹೊರಬಂದದ್ದು 1997ರಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ. ಬರೆದವರು ಪಾಢಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ನೊಬೆಲ್ ಬಂತು. ನಂಜುಂಡಸ್ವಾಮಿ ಎಂಬ ಹೆಸರನ್ನು ಓದಿದಾಗ ಪಕ್ಕದ ಬೀದಿಯವರನ್ನು ಕಂಡಷ್ಟು ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಈ ರಾಸಾಯನಿಕದ ಗುಣವೆಂದರೆ ಆಮ್ಲಜನಕವನ್ನು ರಂಜಕ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬ್ಯಾಟರಿ ಬಿಸಿಯೇರಿದರೂ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ನಿಕಲ್-ಕೋಬಾಲ್ಟ್ ಬಗೆಯ ಲಿಥಿಯಂಗಿಂತ ಇದು ಬೆಂಕಿಗೆ ಬಹಳ ಹಿಂಜರಿಯುತ್ತದೆ. ಬೆಂಕಿಯೇ ಹತ್ತದು ಎಂದಲ್ಲ. 12.8 ವೋಲ್ಟ್, 200 ಆಂಪಿಯರ್-ಅವರ್‌ನ ಒಂದು ಪೆಟ್ಟಿಗೆಯಲ್ಲಿ 2560 ವ್ಯಾಟ್-ಅವರ್ ಹಿಡಿಸುತ್ತದೆ, ಅದರಲ್ಲಿ 2200ನ್ನು ಧೈರ್ಯವಾಗಿ ಬಳಸಬಹುದು. ತೂಕ ಇಪ್ಪತ್ತೈದು ಕೆಜಿಯೊಳಗೆ. ಅಷ್ಟೇ ಬಳಕೆಗೆ ಸೀಸದ ಬ್ಯಾಟರಿ ಬೇಕೆಂದರೆ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್ ಹೊರಬೇಕು. ತುಂಬಿ ಬರಿದಾಗುವ ಎರಡು ಸಾವಿರ ಸುತ್ತು ಬಾಳಿದರೂ, ದಿನಕ್ಕೊಂದರಂತೆ ಐದೂವರೆ ವರ್ಷ. ಕೊಳ್ಳುವಾಗ ಕೈ ನಡುಗಿಸುವ ಬೆಲೆ ಇದೆ ನಿಜ, ಮೂರನೆಯ ವರ್ಷ ಸೀಸದ ಬ್ಯಾಟರಿ ಬದಲಿಸುವಾಗ ಆ ನಡುಕ ಆ ಕಡೆಗೆ ಹೋಗುತ್ತದೆ.

ಪೆಟ್ಟಿಗೆಯೊಳಗೆ ಬಿಎಂಎಸ್ (ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಮ್) ಎಂಬ ಕಾವಲುಗಾರನಿದ್ದಾನೆ. ಅತಿಯಾಗಿ ತುಂಬಿದರೆ, ತೀರಾ ಬರಿದಾದರೆ, ಅತಿ ಕಾವು ಅಥವಾ ಅತಿ ಶೀತವಾದರೆ, ಮಿತಿಮೀರಿ ಎಳೆದರೆ ಬಾಗಿಲು ಹಾಕಿಬಿಡುತ್ತಾನೆ. ಇವನು ಎಷ್ಟು ಆಂಪಿಯರಿನವನು ಎಂದು ಕೇಳದೆ ಬ್ಯಾಟರಿ ಕೊಳ್ಳಬೇಡಿ. ನೂರು ಆಂಪಿಯರಿನ ಬಿಎಂಎಸ್ ಎಂದರೆ 1280 ವ್ಯಾಟ್ ಮಿತಿ. ಒಂದು ಲೀಟರ್ ನೀರು ಕುದಿಸಲು 1500 ವ್ಯಾಟ್‌ನ ಕೆಟಲ್ ಬಳಸುವುದು ಬರೀ ನೂರು ವ್ಯಾಟ್-ಅವರ್, ಸಂಪಿಗೆ ಅದು ಚೊಂಬು ನೀರು. ಆದರೂ ಈ ಕಾವಲುಗಾರ ಬಿಡುವುದಿಲ್ಲ, ಯಾಕೆಂದರೆ ಅವನು ನೋಡುವುದು ಎಷ್ಟು ನೀರು ಎಂದಲ್ಲ, ಎಷ್ಟು ರಭಸ ಎಂದು. ರಭಸ ಬೇರೆ, ಮೊತ್ತ ಬೇರೆ ಎಂಬುದು ಮನಸ್ಸಿಗೆ ಇಳಿದರೆ ಸೋಲಾರ್ ವಿಷಯದ ಅರ್ಧ ಗೊಂದಲ ಕರಗುತ್ತದೆ.

ಎಲ್‌ಎಫ್‌ಪಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿಸಿಕೊಂಡರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಶಾಶ್ವತವಾಗಿ ಕೆಡುತ್ತದೆ. ಲಡಾಖಿಗೆ ಹೊರಟವರು ಇದನ್ನು ನೆನಪಿಡಬೇಕು. ನಮಗೆ ಚಿಂತೆ ಇನ್ನೊಂದು ತುದಿಯದು. ರಾಯಚೂರು, ಕಲಬುರಗಿಯ ಮೇ ತಿಂಗಳಿನಲ್ಲಿ ಹೊರಗೇ ನಲವತ್ತು ದಾಟಿರುವಾಗ ಬಾಗಿಲು ಮುಚ್ಚಿದ ವ್ಯಾನಿನೊಳಗೆ ಎಷ್ಟಿರಬೇಕು! ಬ್ಯಾಟರಿಯನ್ನು ಎಂಜಿನ್ನಿನ ಪಕ್ಕದಲ್ಲಾಗಲಿ, ಬಿಸಿಲು ಬೀಳುವ ಗೋಡೆಗಾಗಲಿ ಒರಗಿಸದೆ, ನೆಲಮಟ್ಟದಲ್ಲಿ ಗಾಳಿಯಾಡುವ ಕಡೆ, ಬ್ರೇಕ್ ಹಾಕಿದಾಗ ಜಾರದಂತೆ ಬಿಗಿದು ಕೂಡಿಸಬೇಕು. ಇನ್ನು, ಎಲ್‌ಎಫ್‌ಪಿಯ ವೋಲ್ಟ್ ತುಂಬಿದಾಗಲೂ ಮುಕ್ಕಾಲು ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಊಹಿಸಲಾಗದು. ಒಳಬಂದ ಹೊರಹೋದ ಪ್ರತಿ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಬೇಕೇ ಬೇಕು. ಇಡೀ ವ್ಯವಸ್ಥೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ನೆಮ್ಮದಿ ತಂದುಕೊಟ್ಟ ವಸ್ತು ನನಗೆ ಅದೇ.

ಆಗುಂಬೆಯ ಮಳೆಗೆ ದಾರಿ ಹೇಳುತ್ತೇನೆಂದಿದ್ದೆ. ವ್ಯಾನ್ ಎಂದರೆ ಓಡುವ ಮನೆ. ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ ಹೇಗೂ ವಿದ್ಯುತ್ತು ಹುಟ್ಟಿಸುತ್ತಿರುತ್ತದೆ. ಅದರಿಂದ ಮನೆಯ ಬ್ಯಾಟರಿಗೆ, ಹರಿವನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಮೂಲಕ ಒಂದು ಕಾಲುವೆ ತೋಡಬಹುದು. ಮೂವತ್ತು ಆಂಪಿಯರಿನ ಚಾರ್ಜರ್ ಇದ್ದರೆ ಎರಡು ಗಂಟೆಯ ಪ್ರಯಾಣದಲ್ಲಿ ಸುಮಾರು 800 ವ್ಯಾಟ್-ಅವರ್ ಸೇರುತ್ತದೆ. ತೀರ್ಥಹಳ್ಳಿಯಿಂದ ಶೃಂಗೇರಿ, ಅಲ್ಲಿಂದ ಕುದುರೆಮುಖ ಎಂದು ಅಲೆಯುವವರಿಗೆ ಮೋಡದಿಂದಾದ ಕೊರತೆ ಅಲ್ಲೇ ತುಂಬಿಹೋಗುತ್ತದೆ. ಈ ಚಾರ್ಜರನ್ನು ಬಿಟ್ಟು ನೇರ ತಂತಿ ಎಳೆದು ಎರಡು ಬ್ಯಾಟರಿಗಳನ್ನು ಕೂಡಿಸುವ ಮೆಕ್ಯಾನಿಕ್‌ಗಳಿದ್ದಾರೆ. ಹಳೆಯ ಕಾಲದ ಸೀಸದ ಬ್ಯಾಟರಿಗೆ ಅದು ನಡೆಯುತ್ತಿತ್ತು. ಲಿಥಿಯಂ ಹಸಿದ ಎಮ್ಮೆಯಂತೆ ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ. ಗಾಡಿ ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ ಆಲ್ಟರ್ನೇಟರಿಗೆ ತನ್ನನ್ನು ತಣಿಸಿಕೊಳ್ಳುವಷ್ಟು ಗಾಳಿಯೂ ಸಿಗದೆ ಅದು ಸುಟ್ಟುಹೋಗಬಹುದು. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಹಲವು, ಇಂಧನ ಉಳಿಸಲೆಂದು ಆಲ್ಟರ್ನೇಟರಿನ ವೋಲ್ಟನ್ನು ಬೇಕೆಂದಾಗ ಏರಿಸಿ ಇಳಿಸುತ್ತವೆ. ಅಲ್ಲಿ ನೇರ ತಂತಿ ಕೆಲಸಕ್ಕೇ ಬರುವುದಿಲ್ಲ.

ತಂತಿ. ಬೇರೆಲ್ಲದಕ್ಕೂ ಹಣ ಸುರಿದವರು ಜಿಪುಣರಾಗುವುದು ಇಲ್ಲೇ, ನಾನು ಮುಗ್ಗರಿಸಿದ್ದೂ ಇಲ್ಲೇ. ಮನೆಯ ವೈರಿಂಗ್‌ನಲ್ಲಿ ಉಳಿದಿದ್ದ ಒಂದೂವರೆ ಸ್ಕ್ವೇರ್ ಎಂಎಂ ವೈರಿನ ಸುರುಳಿಯಿಂದ ಫ್ರಿಜ್‌ಗೆ ಸಂಪರ್ಕ ಕೊಟ್ಟೆ. ರಾತ್ರಿ ಫ್ರಿಜ್ ತಾನಾಗಿಯೇ ನಿಲ್ಲತೊಡಗಿತು. ಬ್ಯಾಟರಿ ನೋಡಿದರೆ ತುಂಬಿದೆ. ಫ್ರಿಜ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ದೆ, ಅಲ್ಲಿ ಚೆನ್ನಾಗಿಯೇ ಓಡಿತು. ಕೊನೆಗೆ ಮಲ್ಟಿಮೀಟರ್ ಹಿಡಿದು ಫ್ರಿಜ್‌ನ ಬಾಯಲ್ಲೇ ಅಳೆದಾಗ ಕಳ್ಳ ಸಿಕ್ಕಿದ. ಬ್ಯಾಟರಿಯಿಂದ ಫ್ರಿಜ್‌ಗೆ ಐದು ಮೀಟರ್, ಹೋಗಿ ಬರುವಾಗ ಹತ್ತು. ಆ ತೆಳು ತಾಮ್ರದಲ್ಲಿ ಐದು ಆಂಪಿಯರ್ ಹರಿದರೆ ಅರ್ಧ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಹತ್ತು ಆಂಪಿಯರ್ ಎಳೆದಾಗ ಒಂದು ವೋಲ್ಟಿಗೂ ಮಿಕ್ಕು. ಸಿಗರೇಟ್ ಲೈಟರ್ ಸಾಕೆಟ್ಟಿನ ಸಡಿಲು ಬೇರೆ. ಫ್ರಿಜ್ ತನಗೆ ತಲುಪಿದ ವೋಲ್ಟ್ ನೋಡಿ, ಬ್ಯಾಟರಿ ಖಾಲಿಯಾಗಿದೆ ಎಂದುಕೊಂಡು ಸಭ್ಯವಾಗಿ ನಿಂತುಕೊಳ್ಳುತ್ತಿತ್ತು. ನಾಲ್ಕು ಸ್ಕ್ವೇರ್ ಎಂಎಂ ವೈರ್ ಎಳೆದು, ಸಾಕೆಟ್ ತೆಗೆದು ನೇರ ಕೂಡಿಸಿದ ಮೇಲೆ ಮತ್ತೆ ಸದ್ದಿಲ್ಲ.

ಮನೆಯ 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ತಿಳಿಯದು. 12ರಲ್ಲಿ ಒಂದು ಹೋದರೆ ಹನ್ನೆರಡನೆಯ ಒಂದು ಪಾಲು ಹೋಯಿತು. ಎತ್ತರ ಕಡಿಮೆ ಇರುವ ಟ್ಯಾಂಕಿನಿಂದ ಅಷ್ಟೇ ನೀರು ಬೇಕೆಂದರೆ ಪೈಪು ದಪ್ಪವಿರಲೇಬೇಕು. ಮನೆಯಲ್ಲಿ 1000 ವ್ಯಾಟ್ ಎಂದರೆ ನಾಲ್ಕೂಕಾಲು ಆಂಪಿಯರಿಗಿಂತ ತುಸು ಹೆಚ್ಚು; ವ್ಯಾನಿನ ಬ್ಯಾಟರಿಯಿಂದ ಇನ್ವರ್ಟರಿಗೆ ಅದೇ 1000 ವ್ಯಾಟ್ ಹೋಗುವಾಗ ತೊಂಬತ್ತು ಆಂಪಿಯರ್ ಹತ್ತಿರ. ಅದಕ್ಕೆ 35 ಸ್ಕ್ವೇರ್ ಎಂಎಂ ಕೇಬಲ್ ಬೇಕು, ಉದ್ದ ಒಂದು ಮೀಟರ್ ದಾಟಬಾರದು, ತುದಿಗೆ ತೊಡಿಸುವ ಲೋಹದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಬೇಕು. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಆರು ತಿಂಗಳ ಕುಲುಕಾಟದಲ್ಲಿ ಸಡಿಲಗೊಂಡು ಕೆಂಡವಾಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಕೇಬಲ್, ಲಗ್, ಮೀಟರ್ ಎಲ್ಲವೂ ಸಿಗುತ್ತವೆ. ಕ್ರಿಂಪ್ ಮಾಡಿಕೊಡುವವರೂ ಇದ್ದಾರೆ.

ಇನ್ವರ್ಟರ್, ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್‌ನದೇ ಇರಲಿ; ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ಮಿಕ್ಸಿ ಗೊಣಗುತ್ತದೆ, ಬಿಸಿಯಾಗುತ್ತದೆ. ಬಳಸದಿದ್ದಾಗ ಸ್ವಿಚ್ ಆರಿಸಿ. ಏನೂ ಕೆಲಸವಿಲ್ಲದೆ ಸುಮ್ಮನೆ ಎಚ್ಚರವಿರಲು ಕೆಲವು ಇನ್ವರ್ಟರುಗಳು ಹದಿನೈದು ವ್ಯಾಟ್ ತಿನ್ನುತ್ತವೆ, ಇಪ್ಪತ್ತನಾಲ್ಕು ಗಂಟೆಗೆ 360. ಇದು ಫ್ರಿಜ್ ತಿನ್ನುವುದಕ್ಕಿಂತ ಹೆಚ್ಚೇನೂ ಕಡಿಮೆಯಲ್ಲ.

ಫ್ಯೂಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ತಂತಿಯನ್ನು. ಹಾಗಾಗಿ ಅದು ಇರಬೇಕಾದದ್ದು ಉಪಕರಣದ ಬಳಿ ಅಲ್ಲ, ಬ್ಯಾಟರಿಯ ಬಳಿ, ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ. ಲಿಥಿಯಂ ಬ್ಯಾಟರಿಯ ಎರಡು ತುದಿಗಳ ಮೇಲೆ ಸ್ಪ್ಯಾನರ್ ಬಿದ್ದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಹರಿಯಬಲ್ಲದು. ಅಷ್ಟನ್ನು ತಡೆದು ಕಡಿಯಬಲ್ಲ ಕ್ಲಾಸ್-ಟಿ ಬಗೆಯ ಫ್ಯೂಸನ್ನೇ ಮುಖ್ಯ ಜಾಗದಲ್ಲಿ ಹಾಕಬೇಕು. ಕೆಲಸಕ್ಕೆ ಕೂರುವ ಮೊದಲು ಬೆರಳಿನ ಉಂಗುರ ತೆಗೆದಿಡಿ. ಮನೆಯ ಎಂಸಿಬಿಯನ್ನೇ (ಹರಿವು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಇಲ್ಲಿಗೂ ಹಾಕುವ ಎಲೆಕ್ಟ್ರಿಷಿಯನ್‌ಗಳಿಗೆ ಕೈಮುಗಿದು ಬೇಡವೆನ್ನಿ. ಮನೆಯ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು, ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ. ಕಿಡಿ ಹತ್ತಿದ್ದು ಉರಿಯುತ್ತಲೇ ಇರುತ್ತದೆ. ಡಿಸಿ ಎಂದು ಬರೆದ ಎಂಸಿಬಿಯೇ ಬೇಕು. ಇನ್ನೊಂದು, ಡಿಸಿ ಕೆಲಸದಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್; ಮನೆ ವೈರಿಂಗಿನಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಎರಡೂ ಇರುವ ವ್ಯಾನಿನಲ್ಲಿ ತಂತಿಗೆ ಚೀಟಿ ಅಂಟಿಸದಿದ್ದರೆ ಮುಂದೊಂದು ದಿನ ರಿಪೇರಿಗೆ ಬಂದವರು ದಾರಿ ತಪ್ಪುತ್ತಾರೆ. ಇನ್ವರ್ಟರಿನಿಂದ ಹೊರಬರುವ 230 ವೋಲ್ಟ್, ಕಂಬದಿಂದ ಬಂದದ್ದರಷ್ಟೇ ಜೀವ ತೆಗೆಯಬಲ್ಲದು. ಆ ಭಾಗಕ್ಕೆ, ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿ, ಅದು ಸರಿಯಾಗಿ ಕೆಲಸ ಮಾಡುವಂತೆ ನ್ಯೂಟ್ರಲ್ ಮತ್ತು ಅರ್ತ್ ಜೋಡಣೆಯನ್ನು ತಿಳಿದವರಿಂದಲೇ ಮಾಡಿಸಬೇಕು.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಆಸನ ಕಿತ್ತು ಮಂಚ ಕೂಡಿಸುವುದು ಅಂತಹ ಬದಲಾವಣೆಯೇ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗ ನಿಯಮಗಳಲ್ಲಿದೆ. ಕೆಲಸ ಶುರು ಮಾಡುವ ಮೊದಲು ಆರ್‌ಟಿಒ ಕಚೇರಿಗೆ, ಆಮೇಲೆ ವಿಮೆಯವರ ಬಳಿಗೆ ಹೋಗಿಬನ್ನಿ. ಅಪಘಾತವಾದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆಯಾಗಿರುತ್ತದೆ.

ಎಲ್ಲ ಕೂಡಿಸಿ ಮುಗಿಸಿದ ಮರುದಿನವೇ ಗೋಕರ್ಣಕ್ಕೆ ಹೊರಡಬೇಡಿ. ವ್ಯಾನನ್ನು ಮನೆಯ ಮುಂದೆಯೇ ನಿಲ್ಲಿಸಿ ಮೂರು ರಾತ್ರಿ ಅದರಲ್ಲಿ ಮಲಗಿ. ಫ್ರಿಜ್ ತುಂಬ ನೀರು, ಮೊಸರು ಇಟ್ಟು, ಫ್ಯಾನ್ ಹಾಕಿ, ದಿನದ ಕೆಲಸವನ್ನೂ ಒಳಗೇ ಕುಳಿತು ಮಾಡಿ. ಶಂಟ್ ಮೀಟರಿನ ಅಂಕಿಯನ್ನು ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮನೆಯೊಳಗಿನ ಪ್ಲಗ್ಗಿನ ಕಡೆ ಕೈ ಚಾಚಬೇಕೆನಿಸಿದ ಪ್ರತಿಸಲವೂ ಯಾವುದಕ್ಕಾಗಿ ಎಂದು ಅದೇ ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿ. ನಮ್ಮ ಕ್ಯಾಲೆಂಡರಿನಲ್ಲಿ ಮೊದಲ ರಾತ್ರಿ 52 ಶೇಕಡಾ ಉಳಿದಿತ್ತು, ಮೂರನೆಯ ಬೆಳಗ್ಗೆ 31. ಅಂಚಿನಲ್ಲಿದ್ದ ಗುರುತು ಒಂದೇ: ನನ್ನ ಹೆಂಡತಿಯ ಹೇರ್ ಡ್ರೈಯರ್.